ಅಣೆಕಟ್ಟುಗಳ ನಿರ್ಮಾಣವನ್ನು ಚಿತ್ರಿಸಿದ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್-ವೈಟ್ (1904–1971)

ಜಲವಿದ್ಯುತ್ ಯೋಜನೆಗಳ ಅಣೆಕಟ್ಟು, ಕೋಡಿ, ಸುರಂಗ ಹಾಗೂ ಯಂತ್ರಗಳ ನಿರ್ಮಾಣ ಕಾರ್ಯವನ್ನು ಛಾಯಾಚಿತ್ರಗಳಲ್ಲಿ ದಾಖಲಿಸಿ, ಇಂಜಿನಿಯರಿಂಗ್ ಕಾಮಗಾರಿಯೂ ಜನಸಾಮಾನ್ಯರು ನೋಡಿ ತಿಳಿಯತಕ್ಕ ವಿಷಯವೆಂದು ತೋರಿಸಿಕೊಟ್ಟವರಲ್ಲಿ ಅಮೆರಿಕದ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್-ವೈಟ್ ಅವರು ಪ್ರಮುಖರು. ಇವರ ಹೆಸರು ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲದಿದ್ದರೂ ಇವರು ತೆಗೆದ ಒಂದು ಚಿತ್ರವನ್ನು ನೋಡದವರು ವಿರಳ. ಚರಕದ ಹಿಂದೆ ನೆಲದ ಮೇಲೆ ಕುಳಿತು ಓದುತ್ತಿರುವ ಮಹಾತ್ಮ ಗಾಂಧೀಜಿಯವರ ಚಿತ್ರವೇ ಅದು. ಆ ಚಿತ್ರ ತೆಗೆಯುವುದಕ್ಕೆ ಬಹಳ ಮೊದಲೇ ಇವರು ಅಣೆಕಟ್ಟುಗಳ ಚಿತ್ರಗಳಿಂದ ಪ್ರಖ್ಯಾತರಾಗಿದ್ದರು. ಮನೆಗೆ, ಹೊಲಕ್ಕೆ, ಅಂಗಡಿಗೆ ವಿದ್ಯುತ್ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ವಿದ್ಯುತ್ತಿನ ಹಿಂದಿರುವ ಇಂತಹ ಕಟ್ಟಡಗಳು ಹೇಗೆ ಎದ್ದವು, ಅವುಗಳನ್ನು ಕಟ್ಟಿದವರು ಹೇಗೆ ಬದುಕಿದರು ಎಂಬುದರ ಅರಿವಾಗಲೆಂಬ ಉದ್ದೇಶದಿಂದ ಇವರ ಜೀವನ ಪರಿಚಯವನ್ನು ಈ ಪುಟದಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮಾರ್ಗರೆಟ್ ಅವರು 1904ನೇ ಇಸವಿ ಜೂನ್ 14ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಜನಿಸಿದರು. ಬಾಲ್ಯವನ್ನು ಕಳೆದದ್ದು ನೆರೆಯ ನ್ಯೂಜೆರ್ಸಿ ರಾಜ್ಯದ ಬೌಂಡ್ ಬ್ರೂಕ್ ಎಂಬ ಊರಿನಲ್ಲಿ. ತಂದೆ ಜೋಸೆಫ್ ವೈಟ್ ಅವರು ಮುದ್ರಣ ಯಂತ್ರಗಳ ವಿನ್ಯಾಸ ಮಾಡುತ್ತಿದ್ದ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಛಾಯಾಚಿತ್ರ ತೆಗೆಯುವ ಹವ್ಯಾಸವೂ ಅವರಿಗಿತ್ತು. ತಾಯಿ ಮಿನ್ನಿ ಬರ್ಕ್ ಅವರು ಮಕ್ಕಳನ್ನು ಶಿಸ್ತಿನಿಂದ ಬೆಳೆಸಿದರು. ಒಮ್ಮೆ ತಂದೆಯವರು ಬಾಲಕಿಯನ್ನು ಮುದ್ರಣ ಯಂತ್ರಗಳ ಭಾಗಗಳು ತಯಾರಾಗುವ ಎರಕದ ಕಾರ್ಖಾನೆಗೆ ಕರೆದೊಯ್ದರು. ಕತ್ತಲೆಯ ನಡುವೆ ಕಾದ ಕಬ್ಬಿಣ ಕಿಡಿಗಳನ್ನು ಚೆಲ್ಲುತ್ತಾ ಹರಿದು ಬಂದ ಆ ದೃಶ್ಯ ಆಕೆಯ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಹೆಣ್ಣುಮಕ್ಕಳನ್ನು ಕಾರ್ಖಾನೆಯ ಹೊಸ್ತಿಲು ದಾಟಿಸುವ ವಾಡಿಕೆ ಇಲ್ಲದ ಕಾಲದಲ್ಲಿ ತಂದೆಯೊಬ್ಬರು ಮಾಡಿದ ಈ ಸಣ್ಣ ಕೆಲಸಕ್ಕೆ ಮುಂದಿನ ಎಲ್ಲ ಸಾಧನೆಯಲ್ಲೂ ಪಾಲಿದೆ ಎನ್ನಬಹುದು.

1922ರಲ್ಲಿ ತಂದೆ ನಿಧನರಾದರು. ಮಾರ್ಗರೆಟ್ ಅವರಿಗೆ ಆಗ 17 ವರ್ಷ. ಜೀವಶಾಸ್ತ್ರದಲ್ಲಿ, ಅದರಲ್ಲೂ ಹಾವು, ಹಲ್ಲಿ ಮುಂತಾದ ಸರೀಸೃಪಗಳ ಅಧ್ಯಯನದಲ್ಲಿ ಇವರಿಗೆ ಆಸಕ್ತಿಯಿತ್ತು. ಕೊಲಂಬಿಯಾ, ಮಿಷಿಗನ್ ಮೊದಲಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಓದಿ, 1927ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಕೊಲಂಬಿಯಾದಲ್ಲಿದ್ದಾಗ ಕ್ಲಾರೆನ್ಸ್ ವೈಟ್ ಎಂಬ ಹೆಸರಾಂತ ಛಾಯಾಗ್ರಾಹಕರ ತರಗತಿಗಳಿಗೆ ಹಾಜರಾಗಿದ್ದರು. ತಾಯಿಯವರು ಕೊಡಿಸಿದ ಹಳೆಯ ಕ್ಯಾಮರಾ ಒಂದಿತ್ತು. ಅದರ ಮಸೂರದಲ್ಲಿ ಬಿರುಕು ಇತ್ತು. 1924ರಲ್ಲಿ ಎವರೆಟ್ ಚಾಪ್ಮನ್ ಎಂಬ ಇಂಜಿನಿಯರಿಂಗ್ ವಿದ್ಯಾರ್ಥಿಯೊಡನೆ ನಡೆದ ವಿವಾಹ ಬಹಳ ಕಾಲ ಬಾಳಲಿಲ್ಲ. ಖರ್ಚಿಗೆ ಹಣ ಬೇಕಾದಾಗ ಕಾರ್ನೆಲ್ ಆವರಣದ ಕಟ್ಟಡಗಳ ಚಿತ್ರಗಳನ್ನು ತೆಗೆದು ಮಾರಾಟ ಮಾಡಿದರು. ಜೀವಶಾಸ್ತ್ರ ಅಲ್ಲಿಗೆ ಹಿಂದೆ ಸರಿಯಿತು. ತಾಯಿಯ ತವರಿನ ಹೆಸರನ್ನು ತಂದೆಯ ಹೆಸರಿನೊಂದಿಗೆ ಜೋಡಿಸಿ ಬರ್ಕ್-ವೈಟ್ ಎಂದು ಕರೆದುಕೊಂಡದ್ದೂ ಈ ಅವಧಿಯಲ್ಲಿಯೇ.

ಉಕ್ಕಿನ ಕಾರ್ಖಾನೆ

ಪದವಿಯ ನಂತರ ಇವರು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸ್ಟುಡಿಯೋ ತೆರೆದರು. ಹಗಲು ಶ್ರೀಮಂತರ ಬಂಗಲೆ, ತೋಟಗಳ ಚಿತ್ರ ತೆಗೆದು ಸಂಪಾದಿಸಿದ ಹಣ ವಾರದ ಕೊನೆಯಲ್ಲಿ ನದಿ ದಡದ ಕಾರ್ಖಾನೆಗಳು, ಸೇತುವೆಗಳು ಮತ್ತು ಹೊಗೆ ಕೊಳವೆಗಳ ಚಿತ್ರ ತೆಗೆಯಲು ವೆಚ್ಚವಾಗುತ್ತಿತ್ತು. ಒಟಿಸ್ ಉಕ್ಕಿನ ಕಾರ್ಖಾನೆಯ ಒಳಗೆ ಚಿತ್ರ ತೆಗೆಯಬೇಕೆಂಬ ಇವರ ಕೋರಿಕೆಗೆ ಆರಂಭದಲ್ಲಿ ಅಡ್ಡಿಗಳೇ ಹೆಚ್ಚು ಬಂದವು. ಕುಲುಮೆಯ ಬಳಿ ಹೆಂಗಸರು ನಿಲ್ಲಲಾರರು ಎಂಬ ಅಭಿಪ್ರಾಯ ಅಲ್ಲಿದ್ದಿತು. ಕಾರ್ಖಾನೆಯ ಅಧ್ಯಕ್ಷರಾದ ಎಲ್ರಾಯ್ ಕೂಲಸ್ ಅವರು ಅನುಮತಿ ನೀಡಿದ ನಂತರ ಇವರು 1927–28ರ ಚಳಿಗಾಲದಲ್ಲಿ ಅನೇಕ ರಾತ್ರಿಗಳನ್ನು ಕುಲುಮೆಗಳ ಮುಂದೆ ಕಳೆದರು.

ಇಲ್ಲಿ ಎದುರಾದ ತೊಂದರೆ ತಾಂತ್ರಿಕವಾದದ್ದು. ಅಂದಿನ ಫಿಲ್ಮಿಗೆ ಕೆಂಪು ಬೆಳಕನ್ನು ಗ್ರಹಿಸುವ ಶಕ್ತಿ ಇರಲಿಲ್ಲ. ಕಾದ ಉಕ್ಕು ಕಣ್ಣಿಗೆ ಎಷ್ಟೇ ಪ್ರಜ್ವಲಿಸಿದರೂ ಫಿಲ್ಮಿನ ಮೇಲೆ ಕಪ್ಪಾಗಿಯೇ ಉಳಿಯುತ್ತಿತ್ತು. ವಾರಗಟ್ಟಲೆ ಪ್ಲೇಟುಗಳು ವ್ಯರ್ಥವಾದವು. ಬೆಳ್ಳಗೆ ಉರಿಯುವ ಮೆಗ್ನೀಸಿಯಂ ಪಂಜುಗಳನ್ನು ಕೈಯಲ್ಲಿ ಹಿಡಿದು ಎರಕದ ಸ್ಥಳವನ್ನು ಬೆಳಗಿಸಿದಾಗ ಮಾತ್ರ ಚಿತ್ರ ಮೂಡಿಬಂತು. ಈ ಚಿತ್ರಗಳ ಸುದ್ದಿ ನ್ಯೂಯಾರ್ಕಿಗೆ ತಲುಪಿತು. ಟೈಮ್ ಪತ್ರಿಕೆಯ ಪ್ರಕಾಶಕರಾದ ಹೆನ್ರಿ ಲ್ಯೂಸ್ ಅವರು 1929ರಲ್ಲಿ ಇವರನ್ನು ತಂತಿ ಮೂಲಕ ಕರೆಸಿಕೊಂಡು, ವಾಣಿಜ್ಯ ಮತ್ತು ಕೈಗಾರಿಕೆಗೆ ಮೀಸಲಾಗಿ ತಾವು ಆರಂಭಿಸಲಿದ್ದ ಫಾರ್ಚೂನ್ ಪತ್ರಿಕೆಗೆ ಛಾಯಾಗ್ರಾಹಕಿಯನ್ನಾಗಿ ನೇಮಿಸಿಕೊಂಡರು. ಸದರಿ ಪತ್ರಿಕೆಯ ಮೊದಲ ಸಂಚಿಕೆ 1930ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಜಲವಿದ್ಯುತ್ ಯಂತ್ರಗಳೊಡನೆ ಇವರ ಪರಿಚಯವೂ ಇದೇ ಕಾಲದ್ದು. ನಯಾಗರಾ ಜಲಪಾತದ ವಿದ್ಯುದಾಗಾರದಲ್ಲಿ ಸಾಲಾಗಿ ನಿಂತ ಜನರೇಟರುಗಳನ್ನು ಇವರು 1928ರಲ್ಲಿ ಚಿತ್ರಿಸಿದ್ದರು.

ಈ ಅವಧಿಯ ಚಿತ್ರಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಂತ್ರಗಳು ಬಹಳ ಸೊಗಸಾಗಿವೆ, ಹೊಳೆಯುತ್ತವೆ, ಸಾಲುಸಾಲಾಗಿ ನಿಂತಿವೆ. ಮನುಷ್ಯರು ಕಡಿಮೆ. ಇದ್ದರೂ ಯಂತ್ರದ ಗಾತ್ರ ತಿಳಿಯಲೆಂದು ನಿಲ್ಲಿಸಿದ ಅಳತೆಗೋಲಿನಂತೆ ಇದ್ದಾರೆ.

ನೀಪರ್ ನದಿಯ ಅಣೆಕಟ್ಟು

1930ರಲ್ಲಿ ಫಾರ್ಚೂನ್ ಪತ್ರಿಕೆ ಇವರನ್ನು ಜರ್ಮನಿಯ ಕೈಗಾರಿಕೆಗಳ ಚಿತ್ರಣಕ್ಕಾಗಿ ಕಳುಹಿಸಿತು. ಇವರ ದೃಷ್ಟಿ ಇದ್ದದ್ದು ಅದರಾಚೆಯ ಸೋವಿಯತ್ ಒಕ್ಕೂಟದ ಮೇಲೆ. ಮೊದಲ ಪಂಚವಾರ್ಷಿಕ ಯೋಜನೆಯಡಿ ಅಲ್ಲಿ ದೊಡ್ಡ ದೊಡ್ಡ ಕಾಮಗಾರಿಗಳು ನಡೆಯುತ್ತಿದ್ದವು. ಹೊರ ದೇಶದ ಛಾಯಾಗ್ರಾಹಕರಿಗೆ ಅವುಗಳ ಬಳಿ ಪ್ರವೇಶವಿರಲಿಲ್ಲ. ಅನುಮತಿಗಾಗಿ ಬರ್ಲಿನ್ ನಗರದಲ್ಲಿ ವಾರಗಳ ಕಾಲ ಕಾಯಬೇಕಾಯಿತು. ಅರ್ಜಿ ಸಲ್ಲಿಸಿ ಕಾಯುವ ಅನುಭವ ಓದುಗರಿಗೆ ಹೊಸದಲ್ಲವಾದ್ದರಿಂದ ಅದನ್ನು ವಿವರಿಸುವ ಅಗತ್ಯವಿಲ್ಲ. ಕೊನೆಗೆ ಅನುಮತಿ ದೊರೆಯಿತು. ಇವರ ಬಳಿಯಿದ್ದ ಅಮೆರಿಕದ ಕಾರ್ಖಾನೆಗಳ ಚಿತ್ರಗಳನ್ನು ನೋಡಿ ಮೆಚ್ಚಿದ ಸೋವಿಯತ್ ಅಧಿಕಾರಿಗಳು ಪ್ರವಾಸಕ್ಕೂ ನೆರವಾದರು. ದಾರಿಯಲ್ಲಿ ಆಹಾರ ಸಿಗದೆಂದು ಡಬ್ಬಿಗಳಲ್ಲಿ ತುಂಬಿದ ತಿನಿಸುಗಳ ಪೆಟ್ಟಿಗೆಯನ್ನು ಭಾರವಾದ ಕ್ಯಾಮರಾಗಳ ಜೊತೆಯಲ್ಲಿ ಹೊತ್ತು ಇವರು ಪ್ರಯಾಣಿಸಿದರು.

ಈ ಪ್ರವಾಸದಲ್ಲಿ ಚಿತ್ರಿಸಿದ ಕಾಮಗಾರಿಗಳಲ್ಲಿ ಮುಖ್ಯವಾದುದು ಉಕ್ರೇನಿನ ಜಪೋರಿಜ್ಯಾ ಬಳಿ ನೀಪರ್ ನದಿಗೆ ಅಡ್ಡಲಾಗಿ 1927ರಿಂದ ನಿರ್ಮಾಣವಾಗುತ್ತಿದ್ದ ಜಲವಿದ್ಯುತ್ ಅಣೆಕಟ್ಟು. ಸುಮಾರು 760 ಮೀಟರ್ ಉದ್ದ ಮತ್ತು 60 ಮೀಟರ್ ಎತ್ತರದ ಈ ಕಾಂಕ್ರೀಟ್ ಕಟ್ಟೆಯ ಹಿಂದೆ ನೀರು ನಿಂತಾಗ, ಶತಮಾನಗಳಿಂದ ದೋಣಿಗಳ ಸಂಚಾರಕ್ಕೆ ಅಡ್ಡಿಯಾಗಿದ್ದ ಬಂಡೆಗಳ ಸಾಲು ಮುಳುಗಬೇಕಾಗಿತ್ತು. ವಿದ್ಯುದಾಗಾರದ ಒಂಬತ್ತು ಘಟಕಗಳ ಒಟ್ಟು ಸಾಮರ್ಥ್ಯ ಸುಮಾರು 560 ಮೆಗಾವ್ಯಾಟ್. ಅಮೆರಿಕದ ಕಿಯೋಕಕ್ ಮತ್ತು ವಿಲ್ಸನ್ ಅಣೆಕಟ್ಟುಗಳ ನಿರ್ಮಾಣದಲ್ಲಿ ಅನುಭವ ಪಡೆದಿದ್ದ ಕರ್ನಲ್ ಹ್ಯೂ ಕೂಪರ್ ಅವರು ಇಲ್ಲಿ ಮುಖ್ಯ ಸಲಹೆಗಾರರಾಗಿದ್ದರು. ಟರ್ಬೈನುಗಳೂ ಮೊದಲ ಜನರೇಟರುಗಳೂ ಅಮೆರಿಕದಿಂದಲೇ ಬಂದವು. ಎರಡು ದೇಶಗಳ ನಡುವೆ ಆಗ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ ಎಂಬುದನ್ನು ನೆನೆದರೆ ಇದು ವಿಶೇಷವೆನಿಸುತ್ತದೆ.

ಇಂತಹ ನಿರ್ಮಾಣವನ್ನು ಚಿತ್ರಿಸಬೇಕಾದರೆ ಕಾಲವನ್ನು ಗಮನದಲ್ಲಿಡಬೇಕಾಗುತ್ತದೆ. ಅಣೆಕಟ್ಟಿನ ಅಡಿಪಾಯ, ಅದಕ್ಕಾಗಿ ಅಗೆದ ಬಂಡೆ, ನದಿಯನ್ನು ತಿರುಗಿಸುವ ಕಾಲುವೆ ಅಥವಾ ಸುರಂಗ, ಟರ್ಬೈನು ಕೂರುವ ಗುಂಡಿ, ಇವೆಲ್ಲ ಕೆಲವು ತಿಂಗಳುಗಳ ಕಾಲ ಮಾತ್ರ ಕಣ್ಣಿಗೆ ಕಾಣುತ್ತವೆ. ಜಲಾಶಯ ತುಂಬಿದ ಮೇಲೆ ಕಾಮಗಾರಿಯ ಕಷ್ಟದ ಭಾಗವೆಲ್ಲ ನೀರಿನ ಅಡಿಗೋ ಮಣ್ಣಿನ ಒಳಗೋ ಸೇರಿಹೋಗುತ್ತದೆ. ಆದ್ದರಿಂದಲೇ ನಿರ್ಮಾಣ ಹಂತದ ಛಾಯಾಚಿತ್ರಗಳಿಗೆ ದಾಖಲೆಯ ಬೆಲೆಯಿದೆ. ಕಾಮಗಾರಿಯ ಬಿಲ್ಲುಗಳೊಂದಿಗೆ ಹಂತವಾರು ಛಾಯಾಚಿತ್ರಗಳನ್ನು ಲಗತ್ತಿಸುವ ಇಂದಿನ ರೂಢಿಯ ಹಿಂದೆಯೂ ಇದೇ ವಿವೇಚನೆಯಿದೆ. ಬರ್ಕ್-ವೈಟ್ ಅವರು ನೀಪರ್ ನದಿಯ ಬಳಿ ಕಂಡದ್ದು ಅರ್ಧ ಎದ್ದ ಕಂಬಗಳು, ಅವುಗಳ ನಡುವೆ ಓಡಾಡುವ ಕ್ರೇನುಗಳು ಮತ್ತು ಹಳ್ಳಿಗಳಿಂದ ಬಂದು ಮೊದಲ ಬಾರಿಗೆ ಯಂತ್ರ ಮುಟ್ಟಿದ ರೈತಾಪಿ ಜನ. ಯಂತ್ರವನ್ನು ದೇವರಂತೆ ನೋಡುತ್ತಿದ್ದ ಆ ಕೆಲಸಗಾರರನ್ನು ಕಂಡ ನಂತರ ಇವರ ಚಿತ್ರಗಳಲ್ಲಿ ಮುಖಗಳು ನಿಧಾನವಾಗಿ ಹೆಚ್ಚತೊಡಗಿದವು. ರಷ್ಯಾ ಪ್ರವಾಸದ ಪುಸ್ತಕ 1931ರಲ್ಲಿ ಪ್ರಕಟವಾಯಿತು. ಆ ವರ್ಷ ಹಾಗೂ ಮರು ವರ್ಷವೂ ಅಲ್ಲಿಗೆ ಹೋಗಿಬಂದರು. ಅಣೆಕಟ್ಟು 1932ರ ಅಕ್ಟೋಬರ್ ತಿಂಗಳಲ್ಲಿ ಉದ್ಘಾಟನೆಗೊಂಡಿತು.

ಇಲ್ಲಿ ಒಂದು ಮಾತನ್ನು ಹೇಳುವುದು ಉಚಿತ. ಸರ್ಕಾರದ ಅನುಮತಿ ಮತ್ತು ನೆರವಿನಿಂದ ತೆಗೆದ ಚಿತ್ರಗಳು ಸರ್ಕಾರ ತೋರಿಸಬಯಸಿದ್ದನ್ನು ಹೆಚ್ಚಾಗಿ ತೋರಿಸುತ್ತವೆ. 1932–33ರಲ್ಲಿ ಅದೇ ಉಕ್ರೇನಿನಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಕ್ಷಾಮದ ಸುಳಿವು ಕಾಂಕ್ರೀಟ್ ಮತ್ತು ಕ್ರೇನುಗಳ ಈ ಚಿತ್ರಗಳಿಂದ ಯಾರಿಗೂ ಸಿಗುವಂತಿರಲಿಲ್ಲ. ಚಿತ್ರಗಳಲ್ಲಿ ಇರುವುದು ನಿಜ. ಆದರೆ ನಿಜವೆಲ್ಲವೂ ಅವುಗಳಲ್ಲಿಲ್ಲ.

ಬರಗಾಲದ ನಂತರ

1934ರಲ್ಲಿ ಅಮೆರಿಕದ ಮಧ್ಯ ಭಾಗದ ಬಯಲು ಸೀಮೆಯಲ್ಲಿ ತೀವ್ರ ಬರ ಬಂದು ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. ಫಾರ್ಚೂನ್ ಪರವಾಗಿ ಅಲ್ಲಿಗೆ ತೆರಳಿದ ಬರ್ಕ್-ವೈಟ್ ಅವರು ಬೆಳೆ, ಜಾನುವಾರು, ಮನೆ ಎಲ್ಲವನ್ನೂ ಕಳೆದುಕೊಂಡ ರೈತ ಕುಟುಂಬಗಳನ್ನು ಕಂಡರು. ಆವರೆಗೆ ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ 61ನೇ ಮಹಡಿಯಲ್ಲಿ ಸ್ಟುಡಿಯೋ ಇರಿಸಿಕೊಂಡು, ಅಲ್ಲಿ ಮೊಸಳೆ ಜಾತಿಯ ಎರಡು ಮರಿಗಳನ್ನು ಸಾಕಿಕೊಂಡು, ಜಾಹೀರಾತು ಚಿತ್ರಗಳಿಂದ ಕೈತುಂಬ ಸಂಪಾದಿಸುತ್ತಿದ್ದ ಇವರಿಗೆ ಆ ಕೆಲಸದಲ್ಲಿ ರುಚಿ ಉಳಿಯಲಿಲ್ಲ. ಮುಂದೆ ಲೇಖಕ ಅರ್‌ಸ್ಕಿನ್ ಕಾಲ್ಡ್‌ವೆಲ್ ಅವರೊಡನೆ ದಕ್ಷಿಣ ರಾಜ್ಯಗಳ ಬಡ ಗೇಣಿದಾರರ ಬದುಕನ್ನು ಕುರಿತು ಪುಸ್ತಕವೊಂದನ್ನು ಸಿದ್ಧಪಡಿಸಿದರು. 1937ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಚಿತ್ರಗಳ ಕೆಳಗೆ ಆ ಜನರ ಮಾತುಗಳಂತೆ ಕಾಣುವ ಸಾಲುಗಳಿವೆ. ಅವು ಲೇಖಕರ ಕಲ್ಪನೆಯವೆಂದು ಪುಸ್ತಕದಲ್ಲಿಯೇ ತಿಳಿಸಲಾಗಿದೆಯಾದರೂ, ದಾಖಲೆಯೆಂದು ಕರೆಯುವ ಕೃತಿಗೆ ಅದು ಒಪ್ಪುವ ಕ್ರಮವಲ್ಲ. ಇಬ್ಬರೂ 1939ರಲ್ಲಿ ವಿವಾಹವಾಗಿ 1942ರಲ್ಲಿ ಬೇರ್ಪಟ್ಟರು.

ಫೋರ್ಟ್ ಪೆಕ್

ಬರ್ಕ್-ವೈಟ್ ಅವರ ಹೆಸರು ಶಾಶ್ವತವಾಗಿ ಜೋಡಿಸಲ್ಪಟ್ಟಿರುವುದು ಫೋರ್ಟ್ ಪೆಕ್ ಅಣೆಕಟ್ಟಿನೊಂದಿಗೆ. ಅಮೆರಿಕದ ವಾಯವ್ಯಕ್ಕಿರುವ ಮೊಂಟಾನಾ ರಾಜ್ಯದಲ್ಲಿ ಮಿಸೌರಿ ನದಿಗೆ ಅಡ್ಡಲಾಗಿ ಈ ಅಣೆಕಟ್ಟನ್ನು ಕಟ್ಟಲು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 1933ರ ಅಕ್ಟೋಬರ್ ತಿಂಗಳಲ್ಲಿ ಅನುಮೋದನೆ ನೀಡಿದರು. ಪ್ರವಾಹ ನಿಯಂತ್ರಣ, ದೋಣಿ ಸಂಚಾರಕ್ಕೆ ನೀರು ಹಾಗೂ ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡವರಿಗೆ ಉದ್ಯೋಗ ಒದಗಿಸುವುದು ಯೋಜನೆಯ ಮೊದಲ ಉದ್ದೇಶಗಳು. ವಿದ್ಯುತ್ ಉತ್ಪಾದನೆಗೆ ಅಲ್ಲಿನ ಸಂಸತ್ತು 1938ರಲ್ಲಿ ಒಪ್ಪಿಗೆ ನೀಡಿತು. ಮೊದಲ ಘಟಕ 1943ರಲ್ಲಿ ಚಾಲನೆಗೊಂಡಿತು. ನಂತರದ ವರ್ಷಗಳಲ್ಲಿ ಐದು ಘಟಕಗಳಾಗಿ ಒಟ್ಟು ಸಾಮರ್ಥ್ಯ ಸುಮಾರು 185 ಮೆಗಾವ್ಯಾಟ್‌ಗೆ ಏರಿತು. ಕಾಮಗಾರಿಯ ಹೊಣೆ ಸೇನೆಯ ಇಂಜಿನಿಯರುಗಳದಾಗಿತ್ತು. 1936ರ ಜುಲೈ ತಿಂಗಳಲ್ಲಿ ಅಲ್ಲಿ ದುಡಿಯುತ್ತಿದ್ದವರ ಸಂಖ್ಯೆ 10,546.

ಫೋರ್ಟ್ ಪೆಕ್ ಮಣ್ಣಿನ ಅಣೆಕಟ್ಟು. ಇದರ ಉದ್ದ ಸುಮಾರು 6.4 ಕಿ.ಮೀ., ಎತ್ತರ ಸುಮಾರು 76 ಮೀಟರ್. ನಮ್ಮ ಕನ್ನಂಬಾಡಿ ಕಟ್ಟೆಯ ಉದ್ದ ಸುಮಾರು 2.6 ಕಿ.ಮೀ. ಎಂಬುದನ್ನು ನೆನೆದರೆ ಗಾತ್ರದ ಅಂದಾಜು ಸಿಗುತ್ತದೆ. ಲಾರಿಗಳಲ್ಲಿ ಮಣ್ಣು ತಂದು ಸುರಿದು ಇಷ್ಟು ದೊಡ್ಡ ಕಟ್ಟೆಯನ್ನು ಕಟ್ಟುವುದು ಅಂದು ಕಷ್ಟವಾಗಿತ್ತು. ಆದ್ದರಿಂದ ನದಿಯ ಪಾತ್ರದ ಮರಳು, ಮಣ್ಣನ್ನು ತೇಲುವ ಹೂಳೆತ್ತುವ ಯಂತ್ರಗಳಿಂದ ನೀರಿನೊಂದಿಗೆ ಹೀರಿ, ಉದ್ದನೆಯ ಕೊಳವೆಗಳ ಮೂಲಕ ಕಟ್ಟೆಯ ಸ್ಥಳಕ್ಕೆ ಹರಿಸಲಾಯಿತು. ನೀರು ಬಸಿದುಹೋದಂತೆ ದಪ್ಪ ಮರಳು ಅಂಚುಗಳಲ್ಲಿಯೂ ನುಣ್ಣನೆಯ ಜೇಡಿ ಮಣ್ಣು ನಡುವಿನಲ್ಲಿಯೂ ನೆಲೆಗೊಂಡು ಕಟ್ಟೆ ಏರಿತು. ಮಣ್ಣಿನ ಕಟ್ಟೆಯ ಮೇಲಿಂದ ನೀರು ಹರಿಯಲು ಬಿಡುವಂತಿಲ್ಲ. ಹರಿದರೆ ಕಟ್ಟೆಯೇ ಕೊಚ್ಚಿಹೋಗುತ್ತದೆ. ಆದ್ದರಿಂದ ಹೆಚ್ಚುವರಿ ನೀರನ್ನು ಹೊರಬಿಡುವ ಕೋಡಿಯನ್ನು ಅಣೆಕಟ್ಟಿನಿಂದ ಪೂರ್ವಕ್ಕೆ ಸುಮಾರು ಮೂರು ಮೈಲಿ ದೂರದಲ್ಲಿ ಗಟ್ಟಿ ಕಾಂಕ್ರೀಟಿನಿಂದ ಪ್ರತ್ಯೇಕವಾಗಿ ಕಟ್ಟಲಾಯಿತು. ಇದಕ್ಕೆ 16 ಗೇಟುಗಳು. ಕಟ್ಟೆ ಏಳುವವರೆಗೆ ನದಿಯನ್ನು ಹಾಯಿಸಲು ನಾಲ್ಕು ಸುರಂಗಗಳನ್ನು ಕೊರೆಯಲಾಯಿತು.

1936ರಲ್ಲಿ ಹೆನ್ರಿ ಲ್ಯೂಸ್ ಅವರು ಚಿತ್ರಗಳಿಗೇ ಪ್ರಾಧಾನ್ಯವಿರುವ ಲೈಫ್ ಎಂಬ ವಾರಪತ್ರಿಕೆಯನ್ನು ಹೊರತರಲು ಸಿದ್ಧತೆ ನಡೆಸಿದ್ದರು. ಅದಕ್ಕೆ ನೇಮಕಗೊಂಡ ಮೊದಲ ನಾಲ್ವರು ಛಾಯಾಗ್ರಾಹಕರಲ್ಲಿ ಬರ್ಕ್-ವೈಟ್ ಒಬ್ಬರೇ ಮಹಿಳೆ. ಅವರನ್ನು ಅಣೆಕಟ್ಟಿನ ಚಿತ್ರಗಳಿಗಾಗಿ ಮೊಂಟಾನಾಗೆ ಕಳುಹಿಸಲಾಯಿತು. ಸಂಪಾದಕರು ನಿರೀಕ್ಷಿಸಿದ್ದು ಇಂಜಿನಿಯರಿಂಗ್ ಚಿತ್ರಗಳನ್ನು ಮಾತ್ರ. ಅವು ಬಂದವು. ಸುರಂಗಕ್ಕಾಗಿ ತಯಾರಾದ ಉಕ್ಕಿನ ಬೃಹತ್ ಕೊಳವೆಯ ತುಂಡೊಂದು, ಚಕ್ರದ ಅರೆಗಳಂತೆ ಅದರೊಳಗೆ ಕೂಡಿಸಿದ ಆಧಾರಗಳು, ಅವುಗಳ ನಡುವೆ ಕೆಲಸ ಮಾಡುತ್ತಿರುವ ಮನುಷ್ಯ: ಆ ಚಿತ್ರ ಇಂದಿಗೂ ಇಂಜಿನಿಯರಿಂಗ್ ಛಾಯಾಗ್ರಹಣದ ಮಾದರಿಯಾಗಿದೆ. 1937ರಲ್ಲಿ ನದಿಯನ್ನು ಸುರಂಗಗಳಿಗೆ ತಿರುಗಿಸಿದ ಮೇಲೆ ಅಂತಹ ಚಿತ್ರ ತೆಗೆಯಲು ಯಾರಿಗೂ ಅವಕಾಶವಿರಲಿಲ್ಲ.

ಇದರ ಜೊತೆಗೆ ಸಂಪಾದಕರು ಕೇಳಿರದ ಚಿತ್ರಗಳೂ ಬಂದವು. ಇಂಜಿನಿಯರುಗಳು ಮತ್ತು ಕೆಲಸಗಾರರಿಗಾಗಿ ಸರ್ಕಾರ ಫೋರ್ಟ್ ಪೆಕ್ ಎಂಬ ವ್ಯವಸ್ಥಿತ ಊರನ್ನು ಕಟ್ಟಿಸಿತ್ತು. ಆದರೆ ಕೆಲಸ ಹುಡುಕಿ ಬಂದ ಸಾವಿರಾರು ಜನರಿಗೆ ಅದು ಸಾಲದೆ, ಸುತ್ತಲಿನ ಬಯಲಿನಲ್ಲಿ ಹಲಗೆ, ತಗಡುಗಳ ಗುಡಿಸಲು ಊರುಗಳು ತಾವಾಗಿಯೇ ಎದ್ದಿದ್ದವು. ವೀಲರ್ ಎಂಬುದು ಅವುಗಳಲ್ಲಿ ದೊಡ್ಡದು. ಇನ್ನೊಂದಕ್ಕೆ ರೂಸ್‌ವೆಲ್ಟ್ ಅವರ ಕಾರ್ಯಕ್ರಮದ ಹೆಸರಾದ ನ್ಯೂ ಡೀಲ್ ಎಂದೇ ಹೆಸರಿಟ್ಟಿದ್ದರು. ಬರ್ಕ್-ವೈಟ್ ಅವರು ಹಗಲು ಕಾಂಕ್ರೀಟನ್ನೂ ಶನಿವಾರದ ರಾತ್ರಿ ಈ ಊರುಗಳನ್ನೂ ಚಿತ್ರಿಸಿದರು. ವಾರದ ಕೂಲಿ ಕೈಗೆ ಬಂದ ದಿನ ಮದ್ಯದಂಗಡಿಯಲ್ಲಿ ನೆರೆದ ಕೆಲಸಗಾರರು, ಕಾಸು ಕೊಟ್ಟವರೊಡನೆ ನರ್ತಿಸುವ ಹೆಂಗಸರು, ಮಗುವನ್ನು ಬಿಡಲು ಜಾಗವಿಲ್ಲದೆ ಅಂಗಡಿಯ ಕಟ್ಟೆಯ ಮೇಲೆಯೇ ಕೂರಿಸಿಕೊಂಡು ಗಿರಾಕಿಗಳಿಗೆ ಬಡಿಸುತ್ತಿದ್ದ ತಾಯಿ, ಇವರೆಲ್ಲ ಆ ಚಿತ್ರಗಳಲ್ಲಿದ್ದಾರೆ. ಸಂಪಾದಕರು ಇವುಗಳನ್ನು ಪಕ್ಕಕ್ಕಿರಿಸಬಹುದಾಗಿತ್ತು. ಹಾಗೆ ಮಾಡದೆ, ಪತ್ರಿಕೆಯ ಪ್ರಥಮ ಸಂಚಿಕೆಯ ಮೊದಲ ಚಿತ್ರಲೇಖನವಾಗಿ ಒಂಬತ್ತು ಪುಟಗಳಲ್ಲಿ ಪ್ರಕಟಿಸಿ, ತಾವು ನಿರೀಕ್ಷಿಸಿದ್ದು ಒಂದು, ಬಂದದ್ದು ಇನ್ನೊಂದು ಎಂದು ಓದುಗರಿಗೆ ತಿಳಿಸಿದರು.

1936ರ ನವೆಂಬರ್ 23ರ ಸಂಚಿಕೆಯ ಮುಖಪುಟದಲ್ಲಿ ಬೃಹತ್ ಕಾಂಕ್ರೀಟ್ ಕಂಬಗಳ ಸಾಲು ಇದೆ. ಪುರಾತನ ಕೋಟೆಯ ಬುರುಜುಗಳಂತೆ ಒಂದರ ಹಿಂದೆ ಒಂದು ನಿಂತ ಈ ಕಂಬಗಳನ್ನು ಅಣೆಕಟ್ಟೆಂದೇ ಜನರು ತಿಳಿದರು. ಚಿತ್ರವೂ ಫೋರ್ಟ್ ಪೆಕ್ ಅಣೆಕಟ್ಟು ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ವಾಸ್ತವವಾಗಿ ಅದು ಅಣೆಕಟ್ಟಲ್ಲ, ಮೂರು ಮೈಲಿ ದೂರದ ಕೋಡಿ. ಗೇಟುಗಳನ್ನು ಹಿಡಿದು ನಿಲ್ಲಬೇಕಾದ ಕಂಬಗಳು ಅವು. ಅಣೆಕಟ್ಟು ಮಣ್ಣಿನದಾದ್ದರಿಂದ ಅಲ್ಲಿ ಅಂತಹ ಕಾಂಕ್ರೀಟ್ ಕಂಬಗಳಿಗೆ ಕೆಲಸವೇ ಇರಲಿಲ್ಲ. ಕಡತದಲ್ಲಿ ಶೀರ್ಷಿಕೆಯೊಂದು ತಪ್ಪಾಗಿ ನಮೂದಾದರೆ ಅದು ದಶಕಗಳ ಕಾಲ ಮುಂದುವರಿಯುವುದನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸಲಾರದು. ಈ ಚಿತ್ರದ ಕೆಳಭಾಗದಲ್ಲಿ ಇಬ್ಬರು ವ್ಯಕ್ತಿಗಳು ನಿಂತಿದ್ದಾರೆ. ಎಷ್ಟು ಚಿಕ್ಕವರೆಂದರೆ ಹುಡುಕಿ ನೋಡಬೇಕು. ಅವರನ್ನು ಕಂಡ ನಂತರವೇ ಕಂಬಗಳ ಎತ್ತರ ಮನಸ್ಸಿಗೆ ಬರುತ್ತದೆ. ಮುಖಪುಟದಲ್ಲಿ ಈ ಇಬ್ಬರು ಹಳೆಯ ಪದ್ಧತಿಯಂತೆ ಅಳತೆಗೋಲುಗಳು. ಒಳಪುಟಗಳನ್ನು ತೆರೆದರೆ ಅಂತಹವರೇ ಮುಖ, ಮನೆ, ಮಕ್ಕಳು ಉಳ್ಳ ಮನುಷ್ಯರಾಗಿ ಕಾಣುತ್ತಾರೆ. ಬರ್ಕ್-ವೈಟ್ ಅವರ ಎರಡು ಕಾಲಘಟ್ಟಗಳೂ ಆ ಒಂದೇ ಸಂಚಿಕೆಯಲ್ಲಿವೆ.

ಸಂಚಿಕೆ ಪ್ರಕಟವಾದ ಸುಮಾರು ಎರಡು ವರ್ಷಗಳ ನಂತರ, 1938ರ ಸೆಪ್ಟೆಂಬರ್ 22ರಂದು, ಪೂರ್ಣಗೊಳ್ಳುತ್ತಿದ್ದ ಕಟ್ಟೆಯ ಪೂರ್ವ ತುದಿಯ ಬಳಿ ನೀರಿನ ಕಡೆಯ ಭಾಗ ಕುಸಿದು ಜಾರಿತು. ಸ್ಥಳದಲ್ಲಿದ್ದ 34 ಮಂದಿ ಮಣ್ಣಿನೊಡನೆ ಕೊಚ್ಚಿಹೋದರು. ಅವರಲ್ಲಿ ಎಂಟು ಮಂದಿ ಮೃತಪಟ್ಟರು. ಆರು ಮಂದಿಯ ದೇಹಗಳು ದೊರೆಯಲೇ ಇಲ್ಲ. ಅವರು ಕಟ್ಟೆಯೊಳಗೇ ಉಳಿದರು. ಕುಸಿದ ಭಾಗವನ್ನು ಪುನಃ ಕಟ್ಟಿ 1940ರಲ್ಲಿ ಕಾಮಗಾರಿಯನ್ನು ಮುಗಿಸಲಾಯಿತು. ಕೆಲಸ ಮುಗಿದಂತೆ ವೀಲರ್ ಮೊದಲಾದ ಗುಡಿಸಲು ಊರುಗಳು ಬರಿದಾಗಿ ಮಾಯವಾದವು. ಇಂದು ಆ ಊರುಗಳನ್ನೂ ಅಲ್ಲಿ ಬದುಕಿದವರನ್ನೂ ನೋಡಬೇಕೆಂದರೆ ಲೈಫ್ ಪತ್ರಿಕೆಯ ಹಳೆಯ ಪುಟಗಳನ್ನೇ ತಿರುವಬೇಕು.

ಯುದ್ಧಕಾಲ

1941ರ ಬೇಸಿಗೆಯಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದಾಗ ಬರ್ಕ್-ವೈಟ್ ಅವರು ಮಾಸ್ಕೋದಲ್ಲಿದ್ದು, ರಾತ್ರಿ ವೇಳೆ ನಗರದ ಮೇಲೆ ಬೀಳುತ್ತಿದ್ದ ಬಾಂಬುಗಳನ್ನು ಚಿತ್ರಿಸಿದರು. ಸ್ಟಾಲಿನ್ ಅವರ ಭಾವಚಿತ್ರವನ್ನೂ ತೆಗೆದರು. ಹನ್ನೊಂದು ವರ್ಷ ಹಿಂದೆ ಇವರು ಕಟ್ಟುವುದನ್ನು ಕಂಡಿದ್ದ ನೀಪರ್ ಅಣೆಕಟ್ಟನ್ನು, ಅದು ಶತ್ರುವಿನ ಕೈ ಸೇರದಿರಲೆಂದು ಹಿಂದೆ ಸರಿಯುತ್ತಿದ್ದ ಸೋವಿಯತ್ ಪಡೆಗಳೇ ಅದೇ ಆಗಸ್ಟ್ ತಿಂಗಳಲ್ಲಿ ಸ್ಫೋಟಿಸಿದವು. ನುಗ್ಗಿದ ನೀರಿಗೆ ಕೆಳಪಾತ್ರದಲ್ಲಿ ಅನೇಕರು ಬಲಿಯಾದರು. ಯುದ್ಧಾನಂತರ ಅದನ್ನು ಪುನರ್ನಿರ್ಮಿಸಿ 1947ರಲ್ಲಿ ವಿದ್ಯುತ್ ಉತ್ಪಾದನೆಯನ್ನು ಪುನರಾರಂಭಿಸಲಾಯಿತು. 2024ರ ಮಾರ್ಚ್ ತಿಂಗಳಲ್ಲಿ ರಷ್ಯಾದ ಕ್ಷಿಪಣಿ ದಾಳಿಯಿಂದ ಅದೇ ಕೇಂದ್ರ ಮತ್ತೊಮ್ಮೆ ತೀವ್ರ ಹಾನಿಗೊಳಗಾಯಿತು.

ಅಮೆರಿಕದ ವಾಯುಪಡೆಯ ಜೊತೆಯಲ್ಲಿ ಕೆಲಸ ಮಾಡಲು ಅನುಮತಿ ಪಡೆದ ಬರ್ಕ್-ವೈಟ್ ಅವರು 1942ರ ಡಿಸೆಂಬರ್‌ನಲ್ಲಿ ಉತ್ತರ ಆಫ್ರಿಕಾಗೆ ಹೋಗುತ್ತಿದ್ದಾಗ ಅವರಿದ್ದ ಹಡಗು ಜಲಾಂತರ್ಗಾಮಿಯ ದಾಳಿಗೆ ತುತ್ತಾಯಿತು. ಜೀವರಕ್ಷಕ ದೋಣಿಯಲ್ಲಿ ಪಾರಾದರು. ಮರು ತಿಂಗಳೇ ಬಾಂಬರ್ ವಿಮಾನದಲ್ಲಿ ಕಾರ್ಯಾಚರಣೆಗೆ ತೆರಳಿದರು. 1945ರ ಏಪ್ರಿಲ್‌ನಲ್ಲಿ ಜರ್ಮನಿಯ ಬುಕೆನ್ವಾಲ್ಡ್ ಬಂಧೀಖಾನೆ ಬಿಡುಗಡೆಯಾದಾಗ ಅಲ್ಲಿ ಬದುಕುಳಿದವರ ಚಿತ್ರಗಳನ್ನು ತೆಗೆದರು.

ಭಾರತದಲ್ಲಿ

1946ರಲ್ಲಿ ಲೈಫ್ ಪತ್ರಿಕೆ ಇವರನ್ನು ಭಾರತಕ್ಕೆ ಕಳುಹಿಸಿತು. ಗಾಂಧೀಜಿಯವರು ಪುಣೆಯಲ್ಲಿದ್ದಾಗ ಚಿತ್ರ ತೆಗೆಯಲು ಹೋದ ಇವರಿಗೆ ಒಂದು ಷರತ್ತು ವಿಧಿಸಲಾಯಿತು. ಚರಕದ ಮುಂದೆ ಕುಳಿತ ಗಾಂಧೀಜಿಯವರನ್ನು ಚಿತ್ರಿಸುವ ಮೊದಲು ನೂಲುವುದನ್ನು ಸ್ವತಃ ಕಲಿಯಬೇಕು. ಸುಮಾರು ಎರಡು ದಶಕಗಳಿಂದ ಉಕ್ಕು, ಟರ್ಬೈನು, ಅಣೆಕಟ್ಟುಗಳನ್ನೇ ನೋಡಿ ಬೆಳೆದ ಕೈಗಳು ನೂಲಿನ ಎಳೆ ಹಿಡಿಯಲು ತಡವರಿಸಿದವು. ಅಂದು ಗಾಂಧೀಜಿಯವರ ಮೌನದ ದಿನ. ತೀಕ್ಷ್ಣ ಬೆಳಕು ಅವರಿಗೆ ಹಿಡಿಸದ ಕಾರಣ ಮೂರು ಫ್ಲಾಷ್ ಬಲ್ಬುಗಳನ್ನು ಮಾತ್ರ ಬಳಸಲು ಅನುಮತಿ ದೊರೆಯಿತು. ಮೊದಲೆರಡು ಪ್ರಯತ್ನಗಳು ವಿಫಲವಾದವು. ಮೂರನೆಯದರಲ್ಲಿ ಮೂಡಿಬಂದ ಚಿತ್ರವನ್ನು ಈ ಪುಟದ ಆರಂಭದಲ್ಲಿ ಪ್ರಸ್ತಾಪಿಸಲಾಗಿದೆ. ಯಂತ್ರಗಳಿಂದ ಮನುಷ್ಯನ ಉದ್ಧಾರವೆಂದು ನಂಬಿ ವೃತ್ತಿ ಆರಂಭಿಸಿದವರು ಯಂತ್ರಗಳ ಬಗ್ಗೆ ಶಂಕೆಯಿದ್ದ ಮಹಾತ್ಮರನ್ನು ಅರ್ಥ ಮಾಡಿಕೊಳ್ಳಲು ಬಹಳ ಶ್ರಮಪಟ್ಟರು; ಈ ವಿಷಯದಲ್ಲಿ ಅವರ ಮನಸ್ಸು ಪೂರ್ಣವಾಗಿ ಒಪ್ಪಿದಂತೆ ತೋರುವುದಿಲ್ಲ.

1946ರ ಆಗಸ್ಟ್ ತಿಂಗಳ ಕಲ್ಕತ್ತಾ ಗಲಭೆಗಳನ್ನು ಹಾಗೂ 1947ರಲ್ಲಿ ಪಂಜಾಬಿನ ರಸ್ತೆಗಳಲ್ಲಿ ಸಾಗಿದ ನಿರಾಶ್ರಿತರ ಸಾಲುಗಳನ್ನು ಇವರು ಚಿತ್ರಿಸಿದರು. 1948ರ ಜನವರಿ 30ರಂದು, ಗಾಂಧೀಜಿಯವರ ಹತ್ಯೆಗೆ ಕೆಲವೇ ಗಂಟೆಗಳ ಮುಂಚೆ, ದೆಹಲಿಯ ಬಿರ್ಲಾ ಭವನದಲ್ಲಿ ಅವರನ್ನು ಸಂದರ್ಶಿಸಿದ್ದರು. ಭಾರತದ ಅನುಭವಗಳನ್ನು ಕುರಿತ ಇವರ ಪುಸ್ತಕ 1949ರಲ್ಲಿ ಹೊರಬಂತು. 1982ರ ಗಾಂಧಿ ಚಲನಚಿತ್ರದಲ್ಲಿ ನಟಿ ಕ್ಯಾಂಡಿಸ್ ಬರ್ಗನ್ ಅವರು ನಿರ್ವಹಿಸಿದ ಪಾತ್ರ ಇವರದೇ.

ಕೊನೆಯ ದಿನಗಳು

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳು ಮತ್ತು ಕೊರಿಯಾ ಯುದ್ಧದ ಚಿತ್ರಣದ ನಂತರ ಇವರಿಗೆ ಪಾರ್ಕಿನ್ಸನ್ ಕಾಯಿಲೆ ತಗುಲಿತು. ಕ್ಯಾಮರಾ ಹಿಡಿದು ಎತ್ತರದ ಕಟ್ಟಡಗಳ ಅಂಚಿನಲ್ಲಿ ನಿಂತವರ ಕೈಕಾಲುಗಳು ಬಿಗಿದುಕೊಳ್ಳತೊಡಗಿದವು. 1959 ಮತ್ತು 1961ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗಳಾದವು. ಕಾಯಿಲೆಯನ್ನು ಮುಚ್ಚಿಡುವುದು ಬೇಡವೆಂದು ನಿರ್ಧರಿಸಿ, ತಮ್ಮ ಚಿಕಿತ್ಸೆ ಮತ್ತು ವ್ಯಾಯಾಮದ ಚಿತ್ರಗಳನ್ನು ತೆಗೆಯಲು ಸಹೋದ್ಯೋಗಿ ಆಲ್ಫ್ರೆಡ್ ಐಸೆನ್‌ಸ್ಟಾಟ್ ಅವರಿಗೆ ಒಪ್ಪಿಗೆ ನೀಡಿದರು. 1959ರಲ್ಲಿ ಅವು ಲೈಫ್ ಪತ್ರಿಕೆಯಲ್ಲಿ ಪ್ರಕಟವಾದವು. ಆತ್ಮಕಥೆ 1963ರಲ್ಲಿ ಹೊರಬಂತು. 1971ರ ಆಗಸ್ಟ್ 27ರಂದು ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್ ನಗರದಲ್ಲಿ ತಮ್ಮ 67ನೇ ವಯಸ್ಸಿನಲ್ಲಿ ನಿಧನರಾದರು.

ಇವರ ಪತ್ರಗಳು ಹಾಗೂ ಚಿತ್ರಗಳ ದೊಡ್ಡ ಸಂಗ್ರಹವನ್ನು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಇರಿಸಲಾಗಿದೆ. ಫೋರ್ಟ್ ಪೆಕ್ ಮುಖಪುಟವಿರುವ ಅಂಚೆ ಚೀಟಿಯನ್ನು ಅಲ್ಲಿನ ಅಂಚೆ ಇಲಾಖೆ 1998ರಲ್ಲಿ ಹೊರತಂದಿತು. ಆ ಚಿತ್ರದಲ್ಲಿ ಗೇಟುಗಳಿಲ್ಲದೆ ಬರಿದಾಗಿ ನಿಂತಿದ್ದ ಕಂಬಗಳು ಇಂದಿಗೂ ಸ್ಥಳದಲ್ಲಿವೆ. 2011ರಲ್ಲಿ ಮಿಸೌರಿ ನದಿಗೆ ಭಾರಿ ಪ್ರವಾಹ ಬಂದು ಜಲಾಶಯ ತುಂಬಿದಾಗ ಅವುಗಳ ನಡುವಿನ ಗೇಟುಗಳನ್ನು ತೆರೆಯಲಾಯಿತು. ಅಲ್ಲಿಯವರೆಗಿನ ಎಲ್ಲ ವರ್ಷಗಳಿಗಿಂತ ಹೆಚ್ಚಿನ ನೀರನ್ನು ಆ ಬೇಸಿಗೆಯಲ್ಲಿ ಫೋರ್ಟ್ ಪೆಕ್‌ನಿಂದ ಹೊರಬಿಡಲಾಯಿತು. ಮಣ್ಣಿನ ಕಟ್ಟೆಗೆ ಧಕ್ಕೆಯಾಗಲಿಲ್ಲ.